ಓಡದ ಬದುವಿಗೆ ಶಾರ್ಟ್ ಮ್ಯಾಗ್ನಮ್

ಆ ಭಾನುವಾರ ಮಧ್ಯಾಹ್ನ ನನ್ನಿವಾಳದ ಅಕ್ಕನ ಮನೆಯ ಪಡಸಾಲೆಯಲ್ಲಿ ಇದ್ದವರು ಐದು ಮಂದಿ. ಗೋಡೆಗೆ ಒರಗಿ ಕಾಲು ಚಾಚಿದ್ದ ನಮ್ಮ ಭಾವ ಬೋರಣ್ಣ. ಅವರ ಎದುರಿಗೆ, ಚಳ್ಳಕೆರೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿರುವ ಅವರ ಜೀವದ ಗೆಳೆಯ ಖಾಜಾ ಸಾಬ್. ಒಳಬಾಗಿಲಲ್ಲಿ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದ ಅಕ್ಕ ಮಾರಕ್ಕ. ಮಗಳ ಮನೆಗೆಂದು ಮೊಳಕಾಲ್ಮೂರಿನಿಂದ ಬಂದು, ಬಂದ ದಿನದಿಂದಲೇ ಮಗ್ಗ ಬಿಟ್ಟು ಬಂದೆನಲ್ಲಾ ಎಂದು ಕೈ ಹಿಸುಕಿಕೊಳ್ಳುತ್ತಿದ್ದ ನಮ್ಮ ಅವ್ವ. ಕಡೆಯವನು ನಾನು, ಮುದ್ದೆ ಉಂಡ ಮೇಲೆ ಲೋಕದ ಯಾವ ವ್ಯವಹಾರಕ್ಕೂ ಸಿಕ್ಕದೆ ಚಾಪೆಯ ಮೇಲೆ ಉರುಳುವ ಜಾತಿಯವನು. ಇನ್ನೊಬ್ಬರನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮೆಲ್ಲರ ನಡುವೆ, ಗೋಣಿತಾಟಿನ ಮೇಲೆ, ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದ ಅಪ್ಪನ ರೈಫಲ್ಲು.

ಹೊಲದಲ್ಲಿ ಶೇಂಗಾ ಕಾಯಿ ಕಟ್ಟುತ್ತಿದ್ದ ಕಾಲ. ಆ ಹಾಲುಗಾಯಿಯ ವಾಸನೆ ಮನುಷ್ಯರಿಗಿಂತ ಮೊದಲು ಗುಡ್ಡದ ಹಂದಿಗಳಿಗೆ ಗೊತ್ತಾಗುತ್ತದೆ. ಹಾಗಾಗಿ ವರ್ಷವಿಡೀ ಗೂಟಕ್ಕೆ ನೇತಾಡುವ ರೈಫಲ್ಲು ಈ ಹೊತ್ತಿಗೆ ಕೆಳಗಿಳಿಯುತ್ತದೆ. ಇದು ಪ್ರತಿ ವರ್ಷದ ಸಂಗತಿ. ಹೊಸದೆಂದರೆ ಭಾವನ ಕೈಯಲ್ಲಿದ್ದ ಮೊಬೈಲು.

“ಲೇ ಸಿವಣ್ಣ, ಮಲ್ಕಬ್ಯಾಡ. ಎದ್ದು ಇದೊಂದು ನೋಡು” ಅಂದರು.

ನೋಡಿದೆ. ಹಿಮ ಬಿದ್ದ ಬೆಟ್ಟದ ಮೇಲೆ ಗಡ್ಡದ ದೊರೆಯೊಬ್ಬ ಬೋರಲು ಮಲಗಿದ್ದ. ಅವನ ಎದುರಿಗೆ ಒಂದು ಕಣಿವೆ, ಕಣಿವೆಯ ಆಚೆಗೆ ಇನ್ನೊಂದು ಬೆಟ್ಟ, ಆ ಬೆಟ್ಟದಲ್ಲಿ ಕಂಡೂ ಕಾಣದ ಒಂದು ಕಬ್ಬಿಣದ ತಗಡು. ಅವನು ಗುಂಡು ಹಾರಿಸಿದ. ನಾನು ಆಕಳಿಸಿ ಮುಗಿಸುವಷ್ಟರಲ್ಲಿ ಆಚೆಯಿಂದ ‘ಠಣ್’ ಎಂದು ಕೇಳಿಸಿತು.

“ಶಾರ್ಟ್ ಮ್ಯಾಗ್ನಮ್ ಅಂತೆ ಕಣ್ಲೇ. ತೋಟಾ ಕುಳ್ಳುಗೈತೆ, ದಪ್ಪುಗೈತೆ. ಒಳಗಿನ ಮದ್ದು ಒಂದೇ ಹದಕ್ಕೆ ಉರೀತೈತಂತೆ. ಗುಂಡು ಗೀಟು ಹೊಡ್ದಂಗೆ ಹೋಗ್ತೈತೆ. ಬಂದೂಕೂ ಗಿಡ್ಡ, ತೂಕಾನೂ ಕಮ್ಮಿ. ಇದನ್ನ ಬಳ್ಳಾರಿ ಅಂಗ್ಡಿಗೆ ಕೊಟ್ಟು ಅದನ್ನ ತರಾನ ಅಂತ ಮಾಡೀನಿ. ಖಾಜಾ ಎಲ್ಲಾ ಮಾತಾಡ್ಯವ್ನೆ.”

‘ಇದನ್ನ’ ಎನ್ನುವಾಗ ಭಾವನ ಕಾಲಿನ ಹೆಬ್ಬೆರಳು ತೋರಿಸಿದ್ದು ಅಪ್ಪನ ರೈಫಲ್ಲನ್ನು. ನನ್ನ ನಿದ್ದೆ ಅಲ್ಲಿಗೆ ಹೋಯಿತು. ಕೋಪಕ್ಕೆ ಎದ್ದು ಕೂತೆ, ಕೂತ ರಭಸಕ್ಕೆ ಕನ್ನಡಕ ಬಿತ್ತು, ಅದನ್ನು ಹುಡುಕುವುದರಲ್ಲಿ ಅರ್ಧ ಕೋಪ ದಂಡವಾಯಿತು. ನನ್ನ ಬಾಳಿನ ಎಲ್ಲ ದೊಡ್ಡ ಸಿಟ್ಟುಗಳ ಗತಿಯೂ ಇದೇ.

ಅಪ್ಪನ ರೈಫಲ್ಲು ಮಗನಾದ ನನ್ನ ಬಳಿ ಇರದೆ ಅಳಿಯನ ಬಳಿ ಏಕಿದೆ ಎಂದು ನೀವು ಕೇಳಬಹುದು. ಅದಕ್ಕೂ ಈ ಕನ್ನಡಕಕ್ಕೂ ಸಂಬಂಧವಿದೆ. ನನಗೆ ಮೀಸೆ ಮೂಡುವ ಕಾಲಕ್ಕೆ ಅಪ್ಪ ಒಂದು ದಿನ ಬದುವಿನ ಮೇಲೆ ಕುಂಬಳಕಾಯಿ ಇಟ್ಟು, ರೈಫಲ್ಲನ್ನು ನನ್ನ ಹೆಗಲಿಗೆ ಕೊಟ್ಟು, “ಉಸುರು ಹಿಡಿ, ಮೆತ್ತಗೆ ಎಳಿ” ಅಂದರು. ನಾನು ಉಸಿರು ಹಿಡಿದೆ, ಕಣ್ಣು ಮುಚ್ಚಿದೆ, ಎಳೆದೆ. ಹೊಗೆ ಕರಗಿದ ಮೇಲೆ ನೋಡಿದರೆ ಕುಂಬಳಕಾಯಿ ಇದ್ದ ಹಾಗೇ ಇತ್ತು, ಕನ್ನಡಕ ಇರಲಿಲ್ಲ. ಮಾರನೆಯ ದಿನ ಕಳೆ ಕೀಳುತ್ತಿದ್ದ ಅಕ್ಕನಿಗೆ ಅದು ಶೇಂಗಾ ಸಾಲಿನಲ್ಲಿ ಸಿಕ್ಕಿತು. “ನಿನ್ಗೆ ತಕ್ಕಡೀನೇ ಸರಿ ಕಣಪ್ಪ” ಎಂದರು ಅಪ್ಪ. ಅವರ ಬಾಯಿ ಒಳ್ಳೆಯದು. ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ನಾನು ಇವತ್ತಿಗೂ ಚೀಲ ತೂಗುವ ತಕ್ಕಡಿಯ ಪಕ್ಕದಲ್ಲೇ ನಿಂತಿದ್ದೇನೆ. ಅಪ್ಪ ಹೋದ ಮೇಲೆ, ಹೊಲ ಇದ್ದವರ ಕೈಗೆ, ಕಣ್ಣು ಇದ್ದವರ ಕೈಗೆ ರೈಫಲ್ಲು ಹೋಗಲಿ ಎಂದು ಎಲ್ಲರೂ ಒಪ್ಪಿ ಭಾವನ ಹೆಸರಿಗೆ ಮಾಡಿಸಿದೆವು. ನಾನೂ ಒಪ್ಪಿದ್ದೆ. ಆದರೆ ಒಪ್ಪಿದ್ದು ಇಟ್ಟುಕೊಳ್ಳಲಿ ಎಂದು, ಅಂಗಡಿಗೆ ಕೊಡಲಿ ಎಂದಲ್ಲ.

ಅದೇನೂ ನೋಡಿ ಬೆರಗಾಗುವ ವಸ್ತುವಲ್ಲ. ಸರ್ಕಾರಿ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಮಾಡಿ ಬಿಟ್ಟಿರುವ ಸಾದಾ ಮಾಲು. ಹಿಡಿಯ ಮರ ಅಪ್ಪನ ಕೆನ್ನೆ ತಾಗಿ ತಾಗಿ ಒಂದು ಕಡೆ ಮಾತ್ರ ಹೊಳೆಯುತ್ತದೆ. ಅದಕ್ಕೊಂದು ಗವಸು, ಅವ್ವ ತನ್ನ ಮಗ್ಗದಲ್ಲಿ ಉಳಿದ ನೇರಳೆ ಬಣ್ಣದ ರೇಷ್ಮೆ ತುಂಡಿನಿಂದ ಹೊಲಿದದ್ದು, ಬಾಯಿಯ ಬಳಿ ಜರಿ ಅಂಚು ಬೇರೆ. ಮೊಳಕಾಲ್ಮೂರು ರೇಷ್ಮೆ ಉಟ್ಟ ಬಂದೂಕು ಈ ಸೀಮೆಯಲ್ಲಿ ಇನ್ನೊಂದಿಲ್ಲ ಎಂದು ಅಪ್ಪ ಮೀಸೆ ತಿರುವುತ್ತಿದ್ದರು. ಮದುವೆಗಂಡುಗಳಿಗೂ ಅಷ್ಟು ಉಡುಪು ಇರುತ್ತಿರಲಿಲ್ಲ.

ಇಷ್ಟು ಸಿಂಗಾರದ ರೈಫಲ್ಲು ಹೊಡೆದದ್ದು ಏನನ್ನು? ಬದುವನ್ನು. ನಗಬೇಡಿ. ಅಪ್ಪ ಹಂದಿಗೆ ಗುರಿ ಇಟ್ಟದ್ದನ್ನು ನಾನು ಕಂಡಿಲ್ಲ. “ಹಂದಿಗೆ ಕಿವಿ ಐತೆ, ಸದ್ದು ಸಾಕು” ಎನ್ನುತ್ತಿದ್ದರು. ಹೊತ್ತು ಮುಳುಗುವಾಗ ಹೊಲದ ತುದಿಯಲ್ಲಿ ಕೂರುವುದು, ಕಾಯಿ ಅಗಿಯುವ ಗೊಡಗೊಡ ಸದ್ದು ಕೇಳಿದರೆ ಎದುರಿನ ಎತ್ತರದ ಬದುವಿನ ಮಣ್ಣಿಗೆ ಒಂದು ಈಡು ಹಾಕುವುದು, ಅಷ್ಟೆ. ಗುಂಡು ಮಣ್ಣಿನಲ್ಲಿ ಹೂತುಹೋಗುತ್ತದೆ, ಹಂದಿಗಳು ಬಾಲ ಎತ್ತಿಕೊಂಡು ಓಡುತ್ತವೆ. ಈಡಿಗಿಂತ ಮುಖ್ಯವಾದದ್ದು ಆಮೇಲಿನ ಕೂಗು. ಹಂದಿ ಯಾವ ಕಡೆ ಓಡಿತೋ ಆ ಕಡೆಯ ಹೊಲದವರಿಗೆ ಕೂಗಿ ಹೇಳಲೇಬೇಕು: “ಮೂಡ್ಲಾಗೆ ಬಂದ್ವು ರೋ!” ಅವರು ಡಬ್ಬ ಬಡಿದು ಅವನ್ನು ಗುಡ್ಡದ ಕಡೆಗೆ ತಿರುಗಿಸುತ್ತಾರೆ. ಕೂಗದೆ ಬರೀ ಈಡು ಹಾಕಿದವನು ತನ್ನ ಹಂದಿಯನ್ನು ಪಕ್ಕದವನ ಹೊಲಕ್ಕೆ ದೂಡಿದ ಹಾಗೆ. ಅಂಥವನ ಮನೆಯಲ್ಲಿ ನೀರು ಕುಡಿಯಲೂ ಜನ ಹಿಂದೆಮುಂದೆ ನೋಡುತ್ತಾರೆ.

ಈಗ ಹೇಳಿ. ನಮ್ಮ ಗುರಿ ಬದು. ಆ ಬದು ಭಾವನ ತಾತನ ಕಾಲದಿಂದ ಅಲ್ಲೇ ಇದೆ. ಇವತ್ತಿನವರೆಗೆ ಒಂದು ಗೇಣೂ ಓಡಿ ಹೋಗಿಲ್ಲ. ಅದನ್ನು ಹೊಡೆಯಲು ಕಣಿವೆ ದಾಟಿ ಗೀಟು ಎಳೆದಂತೆ ಹೋಗುವ ಗುಂಡು ಏಕೆ?

ಇದನ್ನೇ ಕೇಳಿದೆ. ಭಾವ ನಕ್ಕರು. “ನಿನ್ಗೇನ್ ಗೊತ್ತು ತುಪಾಕಿ ವಿಚಾರ? ಕನ್ನಡಕ ಹಾರ್ಸಿದೋನು!”

ಹೊಡೆಯಲು ಬಾರದಿದ್ದರೇನು, ಸಿಟ್ಟಿಗೆ ಓದಲು ಬರುತ್ತದೆ. ಆ ವಾರವೆಲ್ಲ ಗಿರಣಿಯಲ್ಲಿ ಚೀಲ ಬರುವುದು ತಡವಾದಾಗಲೆಲ್ಲ ನಾನು ಮಾಡಿದ ಕೆಲಸ ಈ ಕುಳ್ಳ ತೋಟಾದ ಪೂರ್ವಾಪರ ವಿಚಾರಿಸುವುದು. ವಿಚಾರಿಸಿದಷ್ಟೂ ಮೈ ಉರಿಯಿತು. ಸಂಗತಿ ಇಷ್ಟೆ. ಉದ್ದದ ಮ್ಯಾಗ್ನಮ್ ತೋಟಾಗಳು, ಅಂದರೆ ಹೆಚ್ಚು ಮದ್ದಿನ ಜೋರು ತೋಟಾಗಳು, ಹಿಂದಿನಿಂದಲೂ ಇವೆ. ಅವು ಮಾಡುತ್ತಿದ್ದ ಕೆಲಸವನ್ನೇ, ಹೆಚ್ಚುಕಡಿಮೆ ಅದೇ ವೇಗದಲ್ಲಿ, ಇವು ಕುಳ್ಳಗಿದ್ದುಕೊಂಡು ಮಾಡುತ್ತವೆ. ತೋಟಾ ಗಿಡ್ಡವಾದ್ದರಿಂದ ರೈಫಲ್ಲಿನ ಬೋಲ್ಟನ್ನು, ಅಂದರೆ ತೋಟಾವನ್ನು ಒಳಗೆ ತಳ್ಳುವ ಚಿಲಕವನ್ನು, ಅರ್ಧ ಬೆರಳಿನಷ್ಟು ಕಡಿಮೆ ಎಳೆದರೆ ಸಾಕು. ಅರ್ಧ ಬೆರಳು! ಅದನ್ನು ಉಳಿಸಿಕೊಂಡು ಬೋರಣ್ಣ ಏನು ಮಾಡುತ್ತಾರೆ? ದಪ್ಪಗಿರುವುದರಿಂದ ರೈಫಲ್ಲಿನ ಹೊಟ್ಟೆಯಲ್ಲಿ ಮೊದಲಿಗಿಂತ ಕಡಿಮೆ ತೋಟಾ ಹಿಡಿಸುತ್ತವೆ. ಕೆಲವು ರೈಫಲ್ಲುಗಳಲ್ಲಿ ಅವು ನುಣ್ಣಗೆ ಜಾರಿ ಒಳಗೆ ಹೋಗದೆ ಬಾಗಿಲಲ್ಲೇ ಮುಷ್ಕರ ಹೂಡುತ್ತವಂತೆ. ರೈಫಲ್ಲು ಹಗುರ ಎನ್ನುವುದು ನಿಜ. ಆದರೆ ಹಗುರ ರೈಫಲ್ಲಿನಿಂದ ಜೋರು ತೋಟಾ ಹಾರಿಸಿದರೆ ಮಿಕ್ಕ ಏಟು ಹೋಗುವುದು ಎಲ್ಲಿಗೆ? ಹಾರಿಸಿದವನ ಹೆಗಲಿಗೆ. ಇನ್ನೊಂದು ಮಾತು ಕೇಳಿ. ಇಂಥ ಕುಳ್ಳರಲ್ಲಿ ಒಂದಿಬ್ಬರು ಪೇಟೆಯಲ್ಲಿ ಉಳಿದುಕೊಂಡಿದ್ದಾರೆ. ಮಿಕ್ಕ ಕೆಲವು ತಮಟೆ ಬಡಿಸಿಕೊಂಡು ಬಂದು, ನಾಲ್ಕು ದಿನ ಮೆರೆದು, ಆಮೇಲೆ ತೋಟಾ ಮಾಡುವವರೇ ಇಲ್ಲವಾಗಿ ಹೋದವಂತೆ. ಅವನ್ನು ನಂಬಿ ರೈಫಲ್ಲು ಕೊಂಡವರ ಕೈಯಲ್ಲಿ ಈಗ ಉಳಿದಿರುವುದು ಒಂದು ಕೋಲು.

ಹಿಮದ ಬೆಟ್ಟ ಹತ್ತಿ, ಬೆನ್ನ ಮೇಲೆ ಗಂಟು ಹೊತ್ತು, ಕಣಿವೆಯಾಚೆಯ ಗುರಿಗೆ ಹೊಡೆಯುವವರಿಗೆ ಹಗುರವೂ ಬೇಕು, ದೂರವೂ ಬೇಕು. ಆ ಗಡ್ಡದ ದೊರೆಯ ಮೇಲೆ ನನಗೇನೂ ಹಗೆಯಿಲ್ಲ. ಅವನಿಗೆ ಅವನ ಕುಳ್ಳ ತೋಟಾ ಒಪ್ಪಲಿ. ಅದನ್ನು ನನ್ನಿವಾಳದ ಶೇಂಗಾ ಹೊಲಕ್ಕೆ ತರುವ ಬುದ್ಧಿಯ ಮೇಲೆ ನನ್ನ ಸಿಟ್ಟು.

ಸಿಟ್ಟು ಅಲ್ಲಿಗೇ ನಿಲ್ಲಲಿಲ್ಲ. ಗಿಡ್ಡ ಮಾಡಿ ಹೊಸದೆನ್ನುವ ಈ ಕಾಲದ ಮೇಲೆಯೇ ಹರಿಯಿತು. ಸೋಪಿನ ನಡುವೆ ಗುಳಿ ತೋಡಿ ‘ಹೊಸ ಆಕಾರ’ ಎನ್ನುತ್ತಾರೆ. ಬಿಸ್ಕತ್ತಿನ ಪೊಟ್ಟಣ ವರ್ಷ ವರ್ಷ ಸೊರಗುತ್ತದೆ, ಮೇಲಿನ ಚಿತ್ರದಲ್ಲಿ ಮಾತ್ರ ಬಿಸ್ಕತ್ತು ಉಬ್ಬುತ್ತದೆ. ಪವರ್‌ಲೂಮಿನ ಸೀರೆ ಒಂದು ಮೊಳ ಕಡಿಮೆ ಇದ್ದರೆ ಅದಕ್ಕೆ ‘ಡಿಸೈನರ್’ ಎಂದು ಹೆಸರು. ಮೊಳಕಾಲ್ಮೂರಿನ ಹೆಂಗಸರು ನೆಯ್ದ ಸೀರೆಯನ್ನು ಉಟ್ಟು ಸೆರಗು ಹೊದ್ದು ಮಿಕ್ಕದ್ದರಲ್ಲಿ ಕೂಸನ್ನು ಸುತ್ತಿಕೊಳ್ಳಬಹುದಿತ್ತು. ನಾನೇ ಹಾಗೆ ಸುತ್ತಿಸಿಕೊಂಡ ಕೂಸು. ಈ ಹೊಸ ಸೀರೆಯಲ್ಲಿ ಮೂಗು ಒರೆಸಿಕೊಳ್ಳಲೂ ಸೆರಗು ಸಾಲದು.

ಮಗ್ಗದ ಮಾತು ಬಂದದ್ದೇ ಬಂತು, ತೋಟಾಕ್ಕೂ ಮಗ್ಗಕ್ಕೂ ಇರುವ ನಂಟನ್ನು ಹೇಳಿಬಿಡುತ್ತೇನೆ. ಸೀರೆ ನೇಯುವಾಗ ಅಂಚಿನ ಎಳೆಗಳು ಸಡಿಲವಾಗದಂತೆ ಮಗ್ಗದ ಹಿಂದೆ ಎರಡೂ ಕಡೆ ಭಾರ ತೂಗಬಿಡುತ್ತಾರೆ. ಒಬ್ಬೊಬ್ಬರು ಕಲ್ಲು ಕಟ್ಟುತ್ತಾರೆ, ಒಬ್ಬೊಬ್ಬರು ಮರಳಿನ ಗಂಟು. ನಮ್ಮ ಅವ್ವ ಕಟ್ಟುತ್ತಿದ್ದದ್ದು ಅಪ್ಪ ಹಾರಿಸಿ ಖಾಲಿಯಾದ ತೋಟಾದ ಹಿತ್ತಾಳೆ ಚಿಪ್ಪು. ಒಳಗೆ ಮರಳು ತುಂಬಿ, ಬಾಯಿಗೆ ಮೇಣ ಮೆತ್ತಿ, ಬುಡದ ಅಂಚಿಗೆ ದಾರ ಬಿಗಿದರೆ ಮುಗಿಯಿತು. ಉದ್ದಕ್ಕೆ ಸಪೂರವಾಗಿ, ಒಂದಕ್ಕೊಂದು ತಾಗದೆ ತೂಗುತ್ತವೆ. ಲಾಳಿ ಓಡಾಡುವಾಗ ಸಣ್ಣಗೆ ಕಿಣಿಕಿಣಿ ಎನ್ನುತ್ತವೆ. ಆ ಸದ್ದು ಕೇಳುತ್ತ ನಾನು ಮಗ್ಗಿ ಕಲಿತದ್ದು. ಅದಕ್ಕೇ ಇರಬೇಕು, ನನ್ನ ಮಗ್ಗಿ ಹದಿನೇಳರ ಹತ್ತಿರ ಇವತ್ತಿಗೂ ಎಡವುತ್ತದೆ.

ಒಮ್ಮೆ ಅಪ್ಪ ಹೊಸ ತೋಟಾ ಕೇಳಲು ಕಚೇರಿಗೆ ಹೋದಾಗ, ಹಳೆಯ ಚಿಪ್ಪು ತಂದು ತೋರಿಸಿದರಷ್ಟೇ ಕೊಡುವುದು ಎಂದುಬಿಟ್ಟರು. ಅಪ್ಪ ಮನೆಗೆ ಬಂದವರೇ, ಅವ್ವ ಬೇಡ ಬೇಡ ಎಂದರೂ ಕೇಳದೆ, ಮಗ್ಗದಿಂದ ಎಲ್ಲವನ್ನೂ ಬಿಚ್ಚಿಕೊಂಡು ಓಡಿದರು. ಸಾಹೇಬರು ಚಿಪ್ಪಿನ ಬುಡದ ಕೆಂಪು ರೇಷ್ಮೆ ದಾರ ನೋಡಿ, “ಇದೇನ್ರೀ, ತೋಟಾಗೆ ಉಡದಾರ ಕಟ್ಟೀರಿ?” ಅಂದರಂತೆ. ಅಪ್ಪ ಕೈ ಮುಗಿದು, “ಬ್ಯಾಗ ನೋಡಿ ಕೊಟ್ಬಿಡ್ರಿ ಸ್ವಾಮಿ, ಅಲ್ಲಿ ಸೀರೆ ನಿಂತೈತೆ” ಅಂದರಂತೆ.

ಮತ್ತೆ ನನ್ನಿವಾಳದ ಪಡಸಾಲೆಗೆ ಬರೋಣ. ಮುಂದಿನ ಭಾನುವಾರ ಅದೇ ಐದು ಮಂದಿ ಸೇರಿದೆವು. ನಾನು ಓದಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಸುರಿದೆ. ಕಡೆಗೆ, “ಭಾವ, ಆ ತೋಟಾ ಚಳ್ಳಕೆರೆಯಾಗೆ ಸಿಗ್ತೈತಾ? ದುರ್ಗದಾಗೆ? ಹಂದಿ ಬಂದಾಗ ತೋಟಾ ಇಲ್ದಿದ್ರೆ ಮೊಬೈಲ್ ತೋರ್ಸಿ ಓಡುಸ್ತೀರಾ?” ಎಂದೆ.

ಅಕ್ಕ ಅಲಸಂದೆಕಾಯಿಯ ಮೊರ ಬದಿಗಿಟ್ಟಳು. “ನನ್ಗೆ ಕುಳ್ಳದೂ ಗೊತ್ತಿಲ್ಲ ಉದ್ದದ್ದೂ ಗೊತ್ತಿಲ್ಲ. ಕಾಯಿ ಕಿತ್ತು ಕಣಕ್ಕೆ ಬರಾಗಂಟ ಅಪ್ಪನ ತುಪಾಕಿ ಈ ಹೊಸ್ಲು ದಾಟಂಗಿಲ್ಲ. ಬೀಜಕ್ಕೂ ಇರ್ದಂಗೆ ಹಂದಿ ತಿಂದ್ರೆ ಬರೋ ವರ್ಸ ಏನ್ ಬಿತ್ತೀಯಾ, ಮ್ಯಾಗ್ನಮ್ ಬಿತ್ತೀಯಾ?”

“ಬಿತ್ತಿದ್ರೆ ಅದೂ ಕುಳ್ಳುಗೇ ಬೆಳೀತೈತೆ” ಎಂದೆ. ಭಾವ ನನ್ನನ್ನು ತಿನ್ನುವಂತೆ ನೋಡಿದರು.

ಆಗ ಖಾಜಾ ಸಾಬ್ ಅಂಗಿಯ ಜೇಬಿನಿಂದ ಏನನ್ನೋ ತೆಗೆದು ಗೋಣಿತಾಟಿನ ಮೇಲೆ ನಿಲ್ಲಿಸಿದರು. “ಅರೆ, ಜಗಳ ಯಾಕೆ ಭಾಯ್? ಚೀಜ್ ನೋಡಿ ಮಾತಾಡ್ರಿ. ನಮ್ಮ ಬೀಬಿ ತಮ್ಮ ಬೆಂಗಳೂರಾಗೆ ರೈಫಲ್ ಕ್ಲಬ್ಬಲ್ಲಿ ಕೆಲ್ಸ ಮಾಡ್ತಾನೆ. ಯಾರೋ ದೊಡ್ಡೋರು ಹೊಡ್ದಿದ್ದಂತೆ, ಖಾಲಿದು.”

ಅದೇ ಶಾರ್ಟ್ ಮ್ಯಾಗ್ನಮ್ಮಿನ ಚಿಪ್ಪು. ಪಕ್ಕದಲ್ಲಿ ಅಪ್ಪನ ಉದ್ದ ಚಿಪ್ಪನ್ನು ನಿಲ್ಲಿಸಿದೆವು. ನಿಲ್ಲಿಸಿದ ತಕ್ಷಣ ಅದು ವಾಲಿ ಬಿತ್ತು. ಮತ್ತೆ ನಿಲ್ಲಿಸಿದೆ, ಮತ್ತೆ ಬಿತ್ತು. ಕುಳ್ಳ ಮಾತ್ರ ಊಟ ಮುಗಿಸಿದ ಸಾಹುಕಾರನ ಹಾಗೆ ಗಟ್ಟಿಯಾಗಿ ಕೂತಿತ್ತು. ಭಾವ ಮೀಸೆಯಲ್ಲಿ ನಕ್ಕರು. ನನಗೆ ಅಪ್ಪನನ್ನೇ ಯಾರೋ ಕಾಲು ಕೊಟ್ಟು ಬೀಳಿಸಿದಂತೆ ಆಯಿತು.

“ಅವ್ವ, ನೀನಾರ ಹೇಳು” ಎಂದೆ. ಅಪ್ಪನ ಗತ್ತನ್ನೂ ಗುಣವನ್ನೂ ಬಲ್ಲವಳು ಅವಳೊಬ್ಬಳೇ ಎಂಬ ನಂಬಿಕೆ ನನಗೆ.

ಅವ್ವ ಕುಳ್ಳ ಚಿಪ್ಪನ್ನು ಕೈಗೆತ್ತಿಕೊಂಡಳು. ಅಂಗೈಯಲ್ಲಿ ಎರಡು ಸಲ ತೂಗಿದಳು. ಬಾಯೊಳಗೆ ಕಿರುಬೆರಳು ತೂರಿಸಲು ನೋಡಿದಳು. ಅವಳ ಮುಖ ಅರಳಿತು.

“ಬಾಗುಂದಿ ನಾಯನಾ, ಬಲು ಚೆಂದೈತೆ! ಎಷ್ಟು ಮರಳು ಹಿಡಿತೈತೆ ನೋಡು! ಆ ಸಣ್ಣವು ನಾಕು ಕಟ್ಟೋ ಕಡೆ ಇದೊಂದು ಕಟ್ಟಿದ್ರೆ ಆತು. ಅಳಿಯಪ್ಪ, ತಗಳ್ರಿ ತಗಳ್ರಿ. ಹೊಡ್ದ ಮ್ಯಾಗೆ ಚಿಪ್ಪು ಮಾತ್ರ ನನ್ಗೇ ಕೊಡ್ಬೇಕು.”

ಪಡಸಾಲೆ ನಕ್ಕು ನಕ್ಕು ಬಿದ್ದಿತು. ಖಾಜಾ ಸಾಬ್ ಕಣ್ಣೊರೆಸಿಕೊಂಡು, “ವೋಟು ಬಿತ್ತು ಬೋರಣ್ಣ!” ಎಂದರು. ನಾನು ಒಂದು ವಾರ ಓದಿದ್ದೆಲ್ಲ ನೀರಿನಲ್ಲಿ ಹೋಯಿತು. ಅವ್ವ ಚಿಪ್ಪನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮಾರನೆಯ ದಿನವೇ ಮೊಳಕಾಲ್ಮೂರಿನ ಬಸ್ಸು ಹತ್ತಿದಳು. ಅಕ್ಕ ಮಾತ್ರ ನಗಲಿಲ್ಲ. ಗಂಡನ ಮಾತಿಗೆ ಇನ್ನು ಅಡ್ಡ ಬರುವವರು ಯಾರೂ ಇಲ್ಲವೆಂದು ಅವಳಿಗೆ ಗೊತ್ತಾಗಿತ್ತು.

ಆ ವಾರದಲ್ಲೇ ಖಾಜಾ ಸಾಬರ ಜೀಪಿನಲ್ಲಿ ಭಾವ ಬಳ್ಳಾರಿಗೆ ಹೊರಟರು. ನಾನೂ ಗಿರಣಿಗೆ ರಜೆ ಹಾಕಿ ಹತ್ತಿದೆ. ತಡೆಯುವ ಶಕ್ತಿ ಇರಲಿಲ್ಲ, ಬೀಳ್ಕೊಡುವುದಕ್ಕಾದರೂ ಒಬ್ಬ ಮಗ ಇರಬೇಕಲ್ಲ. ದಾರಿಯುದ್ದಕ್ಕೂ ರೈಫಲ್ಲು ನೇರಳೆ ಗವಸಿನಲ್ಲಿ ನನ್ನ ಮೊಣಕಾಲುಗಳ ನಡುವೆ ನಿಂತಿತ್ತು. ಜೀಪು ಎಗರಿದಾಗಲೆಲ್ಲ ಗದ್ದಕ್ಕೆ ತಾಗುತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪ ಹೀಗೇ ತಟ್ಟಿ ಎಬ್ಬಿಸುತ್ತಿದ್ದರು.

ಅಂಗಡಿಯವನು ಮಾತಿನಲ್ಲಿ ಬೆಣ್ಣೆ. ಹೊಸ ರೈಫಲ್ಲು ತೆಗೆದು ಭಾವನ ಕೈಗಿಟ್ಟ. ಕಪ್ಪಗೆ, ಗಿಡ್ಡಗೆ, ಹಗುರವಾಗಿ, ಚೆನ್ನಾಗಿಯೇ ಇತ್ತು ಹಾಳಾದ್ದು. ಭಾವ ಹೆಗಲಿಗೆ ಹಿಡಿದು ಗೋಡೆಯ ಕ್ಯಾಲೆಂಡರಿಗೆ ಗುರಿ ಇಟ್ಟು ನೋಡಿದರು.

“ತೋಟಾ?” ಎಂದೆ ನಾನು.

“ಆರ್ಡರ್ ಹಾಕೋಣ ಸಾರ್. ಬರುತ್ತೆ.”

“ಯಾವಾಗ?”

“ಬಂದಾಗ ಫೋನ್ ಮಾಡ್ತೀವಿ.”

ನಾನು ಭಾವನ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. “ಅದು ಬರಾಗಂಟ ಹಳೇದು ನಮ್ತಾವೇ ಇರ್ಲಿ?” ಎಂದು ಕೇಳಿದರು. ಆಗುವುದಿಲ್ಲವಂತೆ, ಹಳೆಯದನ್ನು ಇಲ್ಲಿ ಇಟ್ಟ ಮೇಲೆಯೇ ಹೊಸದರ ಕಾಗದ ಮುಂದೆ ಹೋಗುವುದಂತೆ.

“ಎಲ್ಲಿ ಇಡ್ತೀರಾ?” ಎಂದರು ಭಾವ.

ಅಂಗಡಿಯವನು ಹಿಂದಿನ ಕೋಣೆಯ ಬಾಗಿಲು ತೆಗೆದು ದೀಪ ಹಾಕಿದ. ನಾವು ಮೂವರೂ ಇಣುಕಿದೆವು. ಗೋಡೆಯುದ್ದಕ್ಕೂ ಹಳೆಯ ಬಂದೂಕುಗಳು ಸೌದೆಯ ಹಾಗೆ ಒರಗಿದ್ದವು. ಒಂಟಿ ನಳಿಗೆಯವು, ಜೋಡಿ ನಳಿಗೆಯವು, ಅಪ್ಪನದರಂಥವು. ಪ್ರತಿಯೊಂದರ ಕೊರಳಿಗೂ ಒಂದು ರಟ್ಟಿನ ಚೀಟಿ. ಮೇಲೆಲ್ಲ ಧೂಳು. ಬಾಗಿಲ ಹತ್ತಿರವೇ ಇದ್ದ ಒಂದರ ಹಿಡಿಯ ಮೇಲೆ ಯಾವುದೋ ಮನೆಯವರು ಯಾವುದೋ ಆಯುಧಪೂಜೆಗೆ ಬಳಿದ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ, ಹಾಗೇ ಒಣಗಿ ಉಳಿದಿದ್ದವು. ಒಣಗಿದ ಚೆಂಡು ಹೂವಿನ ಒಂದು ಎಸಳೂ ಅಂಟಿಕೊಂಡಿತ್ತು.

“ಇವುನ್ನ ಯಾರು ತಗಳ್ತಾರೆ?” ಎಂದರು ಭಾವ.

“ಇದನ್ನೆಲ್ಲ ಈಗ ಯಾರ್ ತಗೋತಾರೆ ಸಾರ್” ಎಂದ ಅಂಗಡಿಯವನು, ದೀಪ ಆರಿಸುತ್ತ.

ಭಾವ ಹೊಸ ರೈಫಲ್ಲನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟರು. ನನ್ನ ಕೈಯಿಂದ ಅಪ್ಪನದನ್ನು ತೆಗೆದುಕೊಂಡು, ಜಾರಿದ್ದ ಗವಸನ್ನು ಮೇಲಕ್ಕೆಳೆದು, ಜರಿ ಅಂಚಿನ ಬಳಿ ದಾರ ಬಿಗಿದರು. “ಇದಕ್ಕೆ ತೋಟಾ ಐತಾ?” ಎಂದರು. ಇತ್ತು. ಕಪಾಟಿನಲ್ಲೇ ಇತ್ತು. ತೆಗೆದುಕೊಂಡು ಹೊರಗೆ ಬಂದೆವು.

ಜೀಪು ಬಳ್ಳಾರಿ ದಾಟಿತು. ನಾನು ಗೆದ್ದೆನೆಂದು ಹಿಗ್ಗಲು ಬಾಯಿ ತೆರೆದೆ. ಭಾವ ಮುಂದಿನ ರಸ್ತೆ ನೋಡುತ್ತಲೇ ಅಂದರು: “ಸುಮ್ನಿರು. ನೀನು ಹೇಳಿದ್ದಕ್ಕೇನ್ ತಂದಿಲ್ಲ. ಮಾವನ್ನ ಆ ಕತ್ಲು ರೂಮಾಗೆ ನಿಲ್ಸಿ ಬರಾಕೆ ಆಗ್ಲಿಲ್ಲ, ಅಷ್ಟೆ. ಕುಳ್ಳ ತೋಟಾ ಮಾತ್ರ ಒಳ್ಳೇದೇ.”

ಇಂಥವರಿಗೆ ಏನು ಹೇಳುತ್ತೀರಿ? ನನ್ನ ಸಿಟ್ಟು ಇವತ್ತಿಗೂ ಆರಿಲ್ಲ.

ಇಷ್ಟಾದ ಮೇಲೆ ನಡೆದದ್ದು ಇಷ್ಟು. ಹುಣ್ಣಿಮೆ ಕಳೆದು ನಾಲ್ಕಾರು ದಿನಕ್ಕೆ, ಹೊತ್ತು ಮುಳುಗುವಾಗ, ಅಕ್ಕನ ಹೊಲಕ್ಕೆ ಹಂದಿ ಬಂದವು. ಭಾವ ಬದುವಿಗೆ ಒಂದು ಈಡು ಹಾಕಿ, “ಮೂಡ್ಲಾಗೆ ಬಂದ್ವು ರೋ!” ಎಂದು ಕೂಗಿದರು. ಆ ಕಡೆ ಡಬ್ಬ ಬಡಿದರು. ಹಂದಿಗಳು ಗುಡ್ಡ ಹತ್ತಿದವು. ಒಂದು ಸಾಲಿನಷ್ಟು ಕಾಯಿ ಹೋಗಿತ್ತು, ಮಿಕ್ಕದ್ದು ಉಳಿಯಿತು.

ಮೊಳಕಾಲ್ಮೂರಿನಲ್ಲಿ ಅವ್ವ ಒಂದು ಕಡೆಗೆ ಹಳೆಯ ಸಣ್ಣ ಚಿಪ್ಪುಗಳನ್ನೂ, ಇನ್ನೊಂದು ಕಡೆಗೆ ಕುಳ್ಳ ಚಿಪ್ಪು ಒಂದನ್ನೇ ಕಟ್ಟಿ ಸೀರೆ ನೆಯ್ದಳು. ಸೀರೆ ಮಗ್ಗದಿಂದ ಇಳಿದಾಗ ಒಂದಂಚು ಬಿಗಿದು ಸುರುಟಿಕೊಂಡಿತ್ತು. ವ್ಯಾಪಾರಿ ಬೇಡವೆಂದ. “ಉಟ್ರೆ ಯಾರಿಗ್ ಕಾಣ್ತೈತೆ” ಎಂದು ಅವ್ವ ಅದನ್ನು ಅಕ್ಕನಿಗೆ ತಂದುಕೊಟ್ಟಳು.

ಆಯುಧಪೂಜೆಯ ದಿನ ಅಕ್ಕ ಅದನ್ನೇ ಉಟ್ಟು ರೈಫಲ್ಲಿನ ಹಿಡಿಗೆ ವಿಭೂತಿ ಬಳಿದು ಕುಂಕುಮ ಇಟ್ಟಳು. ಊದುಬತ್ತಿ ಸಿಕ್ಕಿಸಲು ಬಾಳೆಹಣ್ಣು ಹುಡುಕುತ್ತಿದ್ದಾಗ ಅವ್ವ ಸೆರಗಿನ ಗಂಟು ಬಿಚ್ಚಿ ಕುಳ್ಳ ಚಿಪ್ಪನ್ನು ತೆಗೆದಳು. ಬಾಯಿಯ ಮೇಣ ಕೆರೆದು, ಒಳಗಿದ್ದ ಮರಳಿನಲ್ಲಿ ಎರಡು ಕಡ್ಡಿ ಸಿಕ್ಕಿಸಿ, ಅಪ್ಪನ ರೈಫಲ್ಲಿನ ಮುಂದೆ ನಿಲ್ಲಿಸಿದಳು. ಪೂಜೆ ಮುಗಿದು ಎಲ್ಲರೂ ಎದ್ದು ಊಟಕ್ಕೆ ಕೂತರೂ ಅದು ಅಲ್ಲಾಡದೆ ನಿಂತು ಹೊಗೆ ಬಿಡುತ್ತಿತ್ತು.